ಅರವತ್ತು ಸೆಕೆಂಡಿನ ಮಾವ

ನಮ್ಮ ಸೋದರಮಾವನಿಗಿಂತ ಆತುರದ ಮನುಷ್ಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಾದರೂ ಇದ್ದರೆ ಕರೆದುಕೊಂಡು ಬನ್ನಿ. ಬೇಗ ಬನ್ನಿ, ಮಾವ ಕಾಯುವುದಿಲ್ಲ! ಬಸ್ಸು ಎರಡು ನಿಮಿಷ ತಡವಾದರೆ ನಡೆಯಲು ಶುರು. ಹಿಂದಿನಿಂದ ಬಂದ ಬಸ್ಸು ಮೈಲಿ ದೂರದಲ್ಲಿ ಅವನನ್ನು ಹತ್ತಿಸಿಕೊಳ್ಳುತ್ತಿತ್ತು; ಕಂಡಕ್ಟರುಗಳ ಪಾಲಿಗೆ ಅದೂ ಒಂದು ಸ್ಟಾಪೇ ಆಗಿಹೋಗಿತ್ತು. ತಾನು ಯಾರಿಗಾದರೂ ಫೋನು ಮಾಡಿದರೆ ಎರಡನೇ ರಿಂಗಿಗೇ "ಯಾರೂ ಇಲ್ಲ" ಎಂದು ಕೆಳಗಿಡುವನು. ತಾನೇ ಎತ್ತಿದಾಗ ಆ ಕಡೆಯವರು ತಕ್ಷಣ ಬಾಯಿ ಬಿಡದಿದ್ದರೂ ಅದೇ ಗತಿ. ಇನ್ನು ಎದುರಿಗಿದ್ದವರ ಮಾತು? ಅರ್ಧಕ್ಕೇ ಕಸಿದುಕೊಂಡು ತಾನೇ ಮುಗಿಸುವನು. ನಮ್ಮತ್ತೆಯ ದೂರು ಬೇರೆ: "ನಿಮ್ಮಾವ ಗಟ್ಟಿಮೇಳ ಅನ್ನೋಕೆ ಮುಂಚೇನೆ ತಾಳಿ ಕಟ್ಬುಟ್ರು ಕಣವ್ವ. ನಾನಿನ್ನೂ ತಲೆ ಎತ್ತಿ ನೋಡೇ ಇರ್ಲಿಲ್ಲ!"

ತೊಂಬತ್ತರ ದಶಕದ ಕೊನೆ. ಗೊಬ್ಬರ, ಬಿತ್ತನೆ ಬೀಜ ಮಾರುವ ಸಂಘವೊಂದರ ಶ್ರೀರಂಗಪಟ್ಟಣದ ಕಚೇರಿಯಲ್ಲಿ ಮಾವ ಹಿರಿಯ ಗುಮಾಸ್ತ. ಅಲ್ಲಿಗೆ ಕಂಪ್ಯೂಟರು ಬಂತು. ಅದರ ಹಿಂದೆಯೇ ಆರು ತಿಂಗಳ ತಾತ್ಕಾಲಿಕ ಆಪರೇಟರಾಗಿ ನಾನೂ ಬಂದೆ. ಅವಧಿ ಮುಗಿದಾಗ ಮೈಸೂರಿನಿಂದ ಸಾಹೇಬರು ಬಂದು ಪ್ರಶ್ನೆ ಕೇಳುತ್ತಾರೆ, ಸರಿಯಾಗಿ ಉತ್ತರಿಸಿದರೆ ಕೆಲಸ ಖಾಯಂ. ನನಗೆ ಉತ್ತರದ ಭಯವಿರಲಿಲ್ಲ, ಉತ್ತರಿಸುವ ಭಯ! ನನಗೆ ಮಾತು ಉಗ್ಗುತ್ತದೆ. ಅದರಲ್ಲೂ ಪಕಾರ ಎದುರಾದರೆ ಮುಗಿಯಿತು. ದೇವರ ತಮಾಷೆ ನೋಡಿ, ಹುಟ್ಟಿಸಿದ್ದು ಪಾಂಡವಪುರದಲ್ಲಿ! ಕೆ.ಆರ್.ಎಸ್. ಮೇಲೆ ಹೋಗುವ ಬಸ್ಸಿನಲ್ಲಿ ನಾನು "ಪಾ... ಪಾ..." ಎನ್ನುವಷ್ಟರಲ್ಲಿ ಕಂಡಕ್ಟರು ಪಾಲಹಳ್ಳಿ ಟಿಕೆಟ್ಟು ಹರಿದು ಕೈಗಿಡುತ್ತಿದ್ದ. ಒಬ್ಬರೂ ನೆಂಟರಿಲ್ಲದ ಆ ಊರಿನಲ್ಲಿ ನಾನು ಎಷ್ಟು ಸಲ ಇಳಿದಿದ್ದೇನೋ!

ಕಂಪ್ಯೂಟರಿನ ಪರದೆಯ ಮೇಲೆ ನಮ್ಮದೂ ಸೇರಿ ನಾಲ್ಕು ಶಾಖೆಗಳ ನಕ್ಷೆ ಇತ್ತು. ಒಂದೊಂದು ಊರೂ ಒಂದು ಚೌಕ. ಅದಕ್ಕೆ ನೋಡ್ ಎಂದು ಹೆಸರು. ನಮ್ಮ ಕಂಪ್ಯೂಟರು ಟೆಲಿಫೋನ್ ತಂತಿಯಲ್ಲಿ "ಇದ್ದೀಯಾ?" ಎಂದು ಕೂಗುತ್ತದೆ; ಆ ಊರಿನದು "ಇದ್ದೀನಿ" ಎಂದರೆ ಹಸಿರು. ಐದು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಕೆಂಪು, ಅಂದರೆ ಸತ್ತ ಲೆಕ್ಕ. ಈ ಗಡುವಿಗೆ ಟೈಮ್‌ಔಟ್ ಎನ್ನುತ್ತಾರೆ. ನಾಗಮಂಗಲ ದಿನಾ ಕೆಂಪು. ಮಾವ ಫೋನು ಮಾಡಿ, "ಏನ್ಲಾ, ಸತ್ತೋಗಿದ್ದೀಯಂತೆ?" ಎಂದರೆ ಅಲ್ಲಿನ ಗುಮಾಸ್ತ, "ಬದ್ಕಿವ್ನಿ ಕಣಣ್ಣೋ, ಕಾಪಿ ಕುಡೀತಾವ್ನಿ" ಎನ್ನುತ್ತಿದ್ದ. ಪಾಪ, ಎರಡನೇ ರಿಂಗಿನೊಳಗೆ ಎತ್ತಬೇಕಲ್ಲ, ಕಾಫಿಯನ್ನೂ ಫೋನಿನ ಪಕ್ಕದಲ್ಲೇ ಕುಡಿಯುತ್ತಿದ್ದ.

ಆಗ ಮಾವ ಯಾರಿಗೂ ನಂಬಲಾಗದ ಕೆಲಸ ಮಾಡಿದ. ಟೈಮ್‌ಔಟಿನ ಐದನ್ನು ಅಳಿಸಿ ಅರವತ್ತು ಹಾಕಿಸಿದ!

"ಬ... ಬುಕ್ಕಲ್ಲಿ ಬರೆದಿರೋದು ಐದೇ, ಮಾವ," ಎಂದು ನಾನು ಹೇಗೋ ಹೇಳಿ ಮುಗಿಸಿದೆ. ಮುಗಿದ ಮೇಲೆ ಮಾವ ಸಿಡುಕಿದ.

"ಬರ್ದೋನು ನಾಗಮಂಗಲ ಕಂಡಿದ್ನಾ? ಐದು ಸೆಕೆಂಡಲ್ಲಿ ಅಲ್ಲಿಯೋರು 'ಆಂ?' ಅಂತಾನೂ ಅನ್ನಕಿಲ್ಲ. ನೋಡ್ ಅಂತ ಹೆಸರಿಟ್ಟವ್ರೆ ಅಂದ್ರೆ ಏನು? ನೋಡ್ಕಳಿ ಅಂತ ಕಣವ್ವ!"

ಅಷ್ಟಕ್ಕೇ ನಿಂತನೇ? ಮೌಸ್ ಹಿಡಿದು ಚೌಕಗಳನ್ನೆಲ್ಲ ದಿಕ್ಕು ನೋಡಿ ಎಳೆದು ಕೂರಿಸಿದ. ಶ್ರೀರಂಗಪಟ್ಟಣದ ಪಕ್ಕ ಕರಿಘಟ್ಟ ಅಂತ ಐದನೆಯದೊಂದನ್ನು ಸೇರಿಸಿದ. ಅಲ್ಲಿ ಬೆಟ್ಟದ ಮೇಲೆ ದೇವರಿದ್ದಾನೆಯೇ ಹೊರತು ಕಂಪ್ಯೂಟರಿಲ್ಲ!

ಆರು ತಿಂಗಳು ಕಳೆಯಿತು. ಸಾಹೇಬರು ಬಂದವರೇ ನಕ್ಷೆ ನೋಡಿ, "ಇದ್ಯಾವುದ್ರೀ ಕೆಂಪಗೆ, ಕರಿಘಟ್ಟ?" ಎಂದರು.

"ಅದು ಸ್ವಾಮಿ, ಸಾ. ಉತ್ತರ ಕೊಡಕಿಲ್ಲ, ಆದ್ರೆ ಅವ್ನೆ," ಎಂದ ಮಾವ.

ಸಾಹೇಬರು ಬೆಟ್ಟದ ಕಡೆಗೊಮ್ಮೆ ಕೈ ಮುಗಿದು, ಅಳಿಸಲು ಹೇಳಿದರು. ಅಷ್ಟರಲ್ಲಿ ಇನ್ನೊಂದು ಚೌಕ ಕೆಂಪಾಯಿತು. ಅವರು ನನ್ನತ್ತ ತಿರುಗಿದರು. "ಈಗ ಯಾವ ಶಾಖೆ ಹೋಯ್ತಮ್ಮಾ? ನೀನು ಹೇಳು."

ಇರುವ ನಾಲ್ಕರಲ್ಲಿ ಯಾವುದು ಕೆಂಪಾಗಿತ್ತು ಹೇಳಿ? ಪಾಂಡವಪುರ!

"ಪಾ... ಪಾ..."

ತುಟಿ ಕೂಡಿದ್ದು ಬಿಡಲಿಲ್ಲ. ಆರು ತಿಂಗಳ ದುಡಿಮೆ ಆ ಒಂದಕ್ಷರದ ಹಿಂದೆ ಸಿಕ್ಕಿಕೊಂಡಿತ್ತು. ಸಾಹೇಬರು ಗಡಿಯಾರ ನೋಡಿದರು. "ಆಯ್ತು ಬಿಡಮ್ಮ," ಎಂದು ಪೆನ್ನಿನ ಮುಚ್ಚಳ ಹಾಕಿದರು. "ನೀವೇ ಹೇಳ್ರೀ," ಎಂದರು ಮಾವನಿಗೆ.

ನಾಲ್ಕು ತಾಲ್ಲೂಕಿನವರ ಮಾತು ಮುಗಿಸಿದ ಮಾವ ಎರಡೂ ಕೈ ಕಟ್ಟಿಕೊಂಡು ಕುಳಿತ.

"ಒಸಿ ತಡೀರಿ ಸಾ. ಬತ್ತಾ ಅದೆ."

"ಎಷ್ಟೊತ್ತೂಂತ ಕಾಯೋದ್ರೀ?"

"ನಾಗಮಂಗಲಕ್ಕೇ ಅರವತ್ತು ಸೆಕೆಂಡು ಮಡಗಿವ್ನಿ. ಇವ್ಳು ನಮ್ಮಕ್ಕನ ಮಗಳು ಸಾ."

ತಲೆಯ ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಸಾಹೇಬರು ಮುಚ್ಚಳ ಮತ್ತೆ ತೆಗೆದರು. ಮಾವ ನನ್ನ ಬಾಯನ್ನು ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಕಿಟಕಿಯಾಚೆ ನೋಡುತ್ತ ಹಾಯಾಗಿ ಕುಳಿತಿದ್ದ.

"ಪಾಂಡವಪುರ," ಎಂದೆ. ಇಡಿಯಾಗಿ ಬಂತು.

ಅಷ್ಟು ಹೊತ್ತಿಗೆ ಆ ಚೌಕ ಮತ್ತೆ ಹಸಿರಾಗಿತ್ತು! ಸಾಹೇಬರು ನಕ್ಕು ಏನೋ ಬರೆದುಕೊಂಡರು. ತಿಂಗಳೊಳಗೆ ಖಾಯಂ ಆದೇಶ ಕೈ ಸೇರಿತು.

ಸಾಹೇಬರು ಬಂದಿದ್ದ ದಿನ ಸಂಜೆಯೇ ಬಸ್ಸಿನಲ್ಲಿ ಕುಳಿತು ನೆನೆಸಿಕೊಂಡೆ. ನಾನು ಮಾತು ಕಲಿತಾಗಿನಿಂದ ಮಾವ ನನ್ನ ಒಂದೇ ಒಂದು ಮಾತನ್ನೂ ಕಸಿದುಕೊಂಡು ಮುಗಿಸಿರಲಿಲ್ಲ. ಒಂದೂ ಇಲ್ಲ. ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲವಲ್ಲ ಎಂದು ಕಣ್ಣು ತುಂಬಿ ಬಂತು.

ಈಗ ಮಾವನಿಗೆ ವಯಸ್ಸಾಗಿದೆ, ಆತುರಕ್ಕೆ ಆಗಿಲ್ಲ. ಫೋನು ಮಾಡಿದರೆ ಎತ್ತಿ "ಯಾರು?" ಎಂದು ಗದರುತ್ತಾನೆ. "ಮಾ... ಮಾ..." ಎಂದು ನಾನು ತೊಡಗುತ್ತೇನೆ. ಆ ಕಡೆ ಗದ್ದಲವೆಲ್ಲ ನಿಂತು ಅವನ ಉಸಿರೊಂದೇ ಕೇಳುತ್ತದೆ. ಫೋನು ಮಾತ್ರ ಇಡುವುದಿಲ್ಲ.