ವ್ಯೂಸ್ ಬಾರದ ವರದಿಗಾರ

ಪತ್ರಿಕೋದ್ಯಮದ ಭವಿಷ್ಯ ಏನು ಅಂತ ದೊಡ್ಡ ಊರುಗಳಲ್ಲಿ ಎಸಿ ಹಾಲಿನಲ್ಲಿ ಕೂತು ಚರ್ಚೆ ಮಾಡುತ್ತಾರಂತೆ. ಒಂದು ಸಲ ನನ್ನ ಸ್ಕೂಟರಿನ ಹಿಂದೆ ಕೂತು ಚಳ್ಳಕೆರೆಯಿಂದ ಮೊಳಕಾಲ್ಮೂರಿನ ತನಕ ಬರಲಿ, ಆ ಭವಿಷ್ಯ ದಾರಿಯಲ್ಲೇ ಅಡ್ಡ ನಿಂತು ಕೈ ಮಾಡುತ್ತದೆ. ನಾನು ಈ ಎರಡೂ ತಾಲ್ಲೂಕಿನ ವರದಿಗಾರ. ಪೇಪರು ಅಚ್ಚಾಗುವುದು ಕಮ್ಮಿಯಾಗಿ, ಸುದ್ದಿಯೆಲ್ಲ ಮೊಬೈಲಿಗೆ ಹೋದ ಮೇಲೆ ಆಫೀಸಿನಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಫೋನ್ ಮಾಡಿ ಹೇಳಿಬಿಟ್ಟರು: "ಈ ತಿಂಗಳೂ ನಿಮ್ಮ ಸುದ್ದಿಗೆ ವ್ಯೂಸ್ ಬರದಿದ್ದರೆ ಕಷ್ಟ ಕಣ್ರೀ. ಕಂಪ್ಯೂಟರೇ ಬರೆಯುತ್ತೆ, ನೀವು ಬೇಕಾಗಲ್ಲ."

ಬರೆಯೋದು ಬಿಟ್ಟರೆ ನನಗೆ ಬೇರೆ ಕಸುಬು ಗೊತ್ತಿಲ್ಲ.

ಯಾರೂ ಹೊರಗೆ ಬರಬೇಡಿ

ಪರೀಕ್ಷೆ ಮಾಡೋಣ ಅಂತ ಡೆಸ್ಕಿನವರು ಆಗಲೇ ಕೂರಿಸಿದ್ದ ಆ ಕಂಪ್ಯೂಟರು ಮೊದಲ ದಿನವೇ ಬರೆಯಿತು: "ಮೊಳಕಾಲ್ಮೂರಿನಲ್ಲಿ ಇಂದು ಭಾರಿ ಮಳೆ. ಸಾರ್ವಜನಿಕರು ಮನೆಯಿಂದ ಹೊರಬರಬಾರದು."

ಓದಿದ್ದೇ ತಡ, ಊರಿಗೆ ಊರೇ ಹೊರಗೆ ಬಂತು. ಮಳೆ ಅಂದರೆ ನಮ್ಮ ಕಡೆ ಯಾರಾದರೂ ಒಳಗೆ ಕೂರುತ್ತಾರಾ? ಸೀರೆ ಮಗ್ಗ ಬಿಟ್ಟು ಎದ್ದು ಬಂದವರೂ ಇದ್ದರು. ಎಲ್ಲರ ಕತ್ತೂ ಮೇಲಕ್ಕೆ. ಮೋಡದ ಸುಳಿವೇ ಇಲ್ಲ. "ಎಲ್ರೀ ನಿಮ್ಮ ಮಳೆ?" ಅಂತ ನನ್ನ ಮೇಲೆ ಬಿದ್ದರು.

ಡೆಸ್ಕಿಗೆ ಫೋನ್ ಮಾಡಿ, "ಸಾರ್, ಇಲ್ಲಿ ಸುಡುಬಿಸಿಲು ಐತೆ" ಅಂದೆ.

"ಒಬ್ಬರೂ ನೆನೆದಿಲ್ಲ ತಾನೇ? ನೋಡಿ, ನಮ್ಮ ಎಚ್ಚರಿಕೆ ಎಷ್ಟು ಕೆಲಸ ಮಾಡಿದೆ!" ಅಂದರು.

ಒಂದು ಫೋಟೊಕ್ಕೆ

ಈರುಳ್ಳಿ ರೇಟು ಬಿತ್ತು ಅಂತ ಚಳ್ಳಕೆರೆಯಲ್ಲಿ ಧರಣಿ. ಹೋಗಿ ನೋಡಿದರೆ ಶಾಮಿಯಾನದ ಕೆಳಗೆ ನಾಲ್ಕೇ ಜನ, ಎದುರಿಗೆ ಮೈಕು ಹಿಡಿದವರ ದೊಡ್ಡ ದಂಡು. ಈಗ ಮೊಬೈಲ್ ಇದ್ದವರೆಲ್ಲ ಚಾನೆಲ್ಲೇ.

ಧರಣಿಯ ಮುಖಂಡರು ನಮಗೆ ಕೈಮುಗಿದರು: "ಅಣ್ಣಾ, ನಮ್ಮೋರೆಲ್ಲ ಹೊಲದಾಗವ್ರೆ. ಒಂದು ಫೋಟೊಕ್ಕೆ ನೀವೇ ಒಂದಿಷ್ಟು ಜನ ಕೂತ್ಕಳ್ರಿ."

ಫೋಟೊ ನಮಗೂ ಬೇಕಿತ್ತು. ಸರದಿ ಮೇಲೆ ಕೂತೆವು. ನನ್ನ ಸರದಿ ಬಂದಾಗ ಹುರುಪು ಬಂದು ಧಿಕ್ಕಾರವನ್ನೂ ಕೂಗಿದೆ. ಸಂಜೆ ಬೇರೊಂದು ಚಾನೆಲ್ಲಿನಲ್ಲಿ ನನ್ನ ಮುಖಕ್ಕೆ ಕೆಂಪು ಸುತ್ತು ಹಾಕಿ, "ರೊಚ್ಚಿಗೆದ್ದ ರೈತ" ಅಂತ ತೋರಿಸಿದರು. ಸಿಕ್ಕಾಪಟ್ಟೆ ವ್ಯೂಸ್ ಬಂತು, ಅವರಿಗೆ.

ನಮ್ಮ ಡೆಸ್ಕಿನಿಂದ ಫೋನು ಬಂತು: "ಅಲ್ರೀ, ಆ ರೈತ ಅವರಿಗೆ ಸಿಕ್ಕ, ನಿಮಗ್ಯಾಕೆ ಸಿಗಲಿಲ್ಲ?"

ರಾಂಪುರದ ಯಜಮಾನರು

ರಾಂಪುರದಲ್ಲಿ ಕಿರಾಣಿ ಅಂಗಡಿಯ ಯಜಮಾನರೊಬ್ಬರು ನಮ್ಮ ಹಳೇ ಚಂದಾದಾರರು. ಸಂತೆ ನಡೆಯುವ ಜಾಗ ಬದಲಾಗಿದೆ ಅಂತ ನಾನು ಪೇಪರಿನಲ್ಲಿ ಬರೆದದ್ದರ ಮೇಲೆ ಬೆರಳಿಟ್ಟು, "ಏಮಪ್ಪಾ, ಇದು ಖರೇನಾ? ಮೊಬೈಲ್ನಾಗೆ ಬಂದೇ ಇಲ್ಲ. ನಾನು ನಂಬಾಕಿಲ್ಲ" ಅಂದರು.

ನನಗೂ ಹಟ ಬಂತು. ಅದೇ ಸುದ್ದಿಯ ಕೆಳಗೆ "ತಪ್ಪದೆ ಎಲ್ಲರಿಗೂ ಕಳಿಸಿ" ಅಂತ ಸೇರಿಸಿ ಊರಿನ ವಾಟ್ಸಾಪ್ ಗ್ರೂಪಿಗೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಯಜಮಾನರದೇ ಫೋನು. "ನೀನು ಬರ್ದಿದ್ದು ಖರೇನೇ ಅಂತೆ ಕಣಪ್ಪಾ! ಮೊಬೈಲ್ನಾಗೆ ಬಂದೈತೆ. ಇನ್ಮ್ಯಾಲೆ ನೀನೂ ಮೊದ್ಲು ಅದನ್ನ ನೋಡ್ಕಂಡು ಆಮ್ಯಾಲೆ ಬರಿ."

ನೇರಪ್ರಸಾರ

ತಿಂಗಳು ಮುಗಿಯುತ್ತಾ ಬಂತು, ವ್ಯೂಸ್ ಮಾತ್ರ ಮೇಲೇಳಲಿಲ್ಲ.

ನಮ್ಮೂರು ತಳಕು. ಅಲ್ಲಿ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿತ್ತು. ಎಷ್ಟು ಸಲ ಬರೆದರೂ ಯಾರೂ ತಿರುಗಿ ನೋಡಿರಲಿಲ್ಲ. ಕೊನೇ ಪ್ರಯತ್ನ ಅಂತ ಎದುರಿನ ಕಂಬಕ್ಕೆ ಮೊಬೈಲ್ ಕಟ್ಟಿ, ಘಟಕದ ಮುಂದೆ ನಿಂತು ನಮ್ಮ ಪೇಪರಿನ ಪೇಜಿನಲ್ಲಿ ಲೈವ್ ಶುರು ಮಾಡಿದೆ. "ವೀಕ್ಷಕರೇ, ಗ್ರಾಮೀಣ ಭಾಗದ ಜ್ವಲಂತ ಸಮಸ್ಯೆಯೊಂದರ ಕುರಿತು..." ಅನ್ನುವಷ್ಟರಲ್ಲಿ ಖಾಲಿ ಬಿಂದಿಗೆ ಹಿಡಿದು ಅವ್ವ ಬಂದಳು.

"ಒಬ್ಬನೇ ಯಾರ ಸಂಗಡ ಮಾತಾಡ್ತಿದೀಯಲೇ?"

"ಅವ್ವಾ, ಸುಮ್ನಿರು. ಜನ ನೋಡ್ತಾವ್ರೆ."

"ಯಾವ ಜನ? ಒಂದು ನರಪಿಳ್ಳೆ ಇಲ್ಲ! ಈ ಮಂಡಿನೋವಿನಾಗೆ ನಾನು ಹೊಲದ ಬೋರಿಂದ ನೀರು ಹೊತ್ತು ಸಾಯ್ತಿದೀನಿ, ನೀನು ಕೆಟ್ಟ ನಲ್ಲಿ ಮುಂದೆ ಭಾಷಣ ಮಾಡ್ತೀಯಾ? ಇದನ್ನ ರಿಪೇರಿ ಮಾಡಿಸಬೇಕಾದೋರು ಎಲ್ಲವ್ರೆ ಹೇಳು. ಅವರ ಮನೆಗೇ ಹೋಗಿ ಬಚ್ಚಲ್ನಾಗೆ ಬಿಂದಿಗೆ ತುಂಬ್ಕಂಡು ಬರ್ತೀನಿ! ಹಿಡಿ ಇದನ್ನ, ನಡಿ ಮುಂದೆ!"

ನಾನು ಬಿಂದಿಗೆ ಹೊತ್ತು ನಡೆದೆ. ಅವ್ವ ಬೈಯುತ್ತಾ ಹಿಂದೆ ಬಂದಳು. ಕಂಬದ ಮೇಲಿನ ಮೊಬೈಲು ಅಷ್ಟನ್ನೂ ಜಿಲ್ಲೆಗೆಲ್ಲ ತೋರಿಸುತ್ತಲೇ ಇತ್ತು.

ಮಾರನೇ ದಿನ ಬೆಳಿಗ್ಗೆಯೇ ರಿಪೇರಿಯವರು ಬಂದರು, ನೀರೂ ಬಂತು. ಡೆಸ್ಕಿನಿಂದ ಫೋನು. ಎತ್ತಿದವನೇ, "ಸಾರ್, ನನ್ನ ಕೆಲಸ?" ಅಂದೆ.

"ಅಂಥಾ ವ್ಯೂಸ್ ನಮ್ಮಲ್ಲಿ ಯಾರಿಗೂ ಬಂದಿಲ್ಲ ಕಣ್ರೀ! ಇನ್ನು ಮೈಕು ನಿಮ್ಮ ತಾಯಿಯವರ ಕೈಗೆ ಕೊಡಿ."

"ಹಂಗಾದ್ರೆ ನಾನು?"

"ನೀವು ಬೇಕಾ ಬೇಡ್ವಾ ಅಂತ ಅವರನ್ನೇ ಕೇಳಿ" ಅಂದರು.

ಒಲೆ ಮುಂದೆ ಕೂತಿದ್ದ ಅವ್ವನಿಗೆ ಎಲ್ಲ ವಿವರಿಸಿ ಹೇಳಿ, ಬಾಯಿ ನೋಡುತ್ತಾ ನಿಂತೆ. ಅವಳು ಕಟ್ಟಿಗೆ ಮುಂದಕ್ಕೆ ನೂಕಿ, ನಿಧಾನಕ್ಕೆ ಯೋಚನೆ ಮಾಡಿ ಹೇಳಿದಳು:

"ನೀನೂ ಇರು. ಬೈಯಾಕೆ ಎದುರಿಗೆ ಒಬ್ಬ ಬೇಕಲ್ಲ."