ಶೇಂಗಾ ಯಂತ್ರಕ್ಕಾಗಿ ನಾನು ಪಟ್ಟ ಶ್ರಮ

ಸೋಮಾರಿತನಕ್ಕೆ ಸಾಕ್ಷಿಗಳು ಮನೆಯಲ್ಲೇ ಸಿಗುತ್ತಾರೆ. ಶ್ರಮಕ್ಕೆ ಸಾಕ್ಷಿ ಹುಡುಕಿಕೊಂಡು ಶಹಾಪುರದಿಂದ ಯಾದಗಿರಿಯವರೆಗೆ ಹೋದವನು ನಾನು.

ಆಗ ನಿಜಾಮರ ಸಂಸ್ಥಾನ ಭಾರತದಲ್ಲಿ ಸೇರಿದ ಹೊಸತು. ಶಹಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು, ಅಷ್ಟು ವರ್ಷ ಉರ್ದುವಿನಲ್ಲಿ ತಪ್ಪು ಕಲಿಸಿದ್ದ ಗಣಿತವನ್ನು ಕನ್ನಡದಲ್ಲಿ ತಪ್ಪು ಕಲಿಸುತ್ತ ದೇಶಸೇವೆ ಮಾಡುತ್ತಿದ್ದೆ. ಬಿತ್ತನೆಗೆ ಮುಂಚೆ ಒಂದು ದಿನ ನನ್ನ ಹೆಂಡತಿ ನೀಲಮ್ಮ ಬೀಜದ ಶೇಂಗಾ ಸುಲಿದೂ ಸುಲಿದೂ ಬೆರಳು ಹುಣ್ಣು ಮಾಡಿಕೊಂಡಳು. ಮರುಕ ಬಂದ ಗಂಡ ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿಯುತ್ತಾನೆ. ನಾನು ಅಷ್ಟು ಸಣ್ಣವನಲ್ಲ, ಯಂತ್ರವನ್ನೇ ಯೋಚಿಸಿದೆ. ಬಾಗಿದ ಜರಡಿ, ಅದರ ಮೇಲೆ ಹಿಂದೆ ಮುಂದೆ ತೂಗುವ ಮರದ ಹಲ್ಲುಗಳು. ಚಿತ್ರ ಬರೆದು, ತಾರೀಖು ಸಮೇತ ರುಜು ಹಾಕಿ, ಬಡಿಗನಿಂದ ಮಾದರಿ ಮಾಡಿಸಿದೆ. ಅದು ಶೇಂಗಾವನ್ನು ನೇರವಾಗಿ ಹಿಂಡಿಯನ್ನಾಗಿಸಿತು. ಯಂತ್ರವನ್ನು ಹಿತ್ತಲಿಗೆ ಹಾಕಿಸಿ, ಆಳವಾಗಿ ಚಿಂತಿಸಲು ಮಲಗಿದೆ.

ಒಂಬತ್ತು ತಿಂಗಳ ಮೇಲೆ, ಸುರಪುರದ ಬಡಿಗೇರ ಮಾನಪ್ಪ ಅಂಥದೇ ಯಂತ್ರ ಮಾಡಿ, ಪೇಟೆಂಟಿಗೆ ಕಲಕತ್ತೆಗೆ ಅರ್ಜಿ ಹಾಕುತ್ತಾನೆಂಬ ಸುದ್ದಿ ಬಂತು. ನಾನು ದಡಬಡಿಸಿ ಎದ್ದೆ. ಸುರಪುರಕ್ಕೇ ಹೋಗಿ ಮಾನಪ್ಪನೊಡನೆ ಜಗಳವಾಡಿ, ಕೊನೆಗೆ ಯಾದಗಿರಿಯ ಹಿರಿಯ ವಕೀಲರೊಬ್ಬರು ಯಾರದೆಂದು ಹೇಳುತ್ತಾರೋ ಅವರೇ ಅರ್ಜಿ ಹಾಕಬೇಕೆಂದು ಇಬ್ಬರೂ ಒಪ್ಪಿದೆವು. ನನ್ನ ಸಾಕ್ಷಿ ನೀಲಮ್ಮ. ಏನು ಹೇಳಬೇಕೆಂದು ಬಸ್ಸಿನಲ್ಲಿ ಉದ್ದಕ್ಕೂ ಪಾಠ ಹೇಳಿದೆ. ನನ್ನ ಪಾಠ ಯಾರ ತಲೆಗೂ ಹತ್ತುವುದಿಲ್ಲವೆಂಬುದನ್ನು ಮರೆತಿದ್ದೆ.

ವಕೀಲರು ನನ್ನ ಚಿತ್ರ ನೋಡಿ, "ಮೊದಲ ಹೊಳದದ್ದು ನಿಮಗ, ಖರೆ. ಅಷ್ಟಕ್ಕ ಸಾಲಂಗಿಲ್ರಿ ಮಾಸ್ತರ್ರ. ಹೊಳದ ದಿನದಿಂದ ಕೈಬಿಡದ ಅದರ ಬೆನ್ನು ಹತ್ತಿರಬೇಕು. ಈ ಒಂಬತ್ತು ತಿಂಗಳು ಏನ್ ಮಾಡಿದ್ರಿ?" ಎಂದರು.

"ಸರಕಾರ ಬದಲಾತಲ್ರಿ, ಸಾಹೇಬ್ರ."

"ಮಾನಪ್ಪಗೂ ಅದ ಸರಕಾರ ಅಲ್ಲೇನ್ರಿ?"

ನಾನು ನೀಲಮ್ಮನತ್ತ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡಳು. "ಸುಳ್ಳು ಯಾಕ ಹೇಳ್ಲಿರಿ. ಇವರು ಆ ಕಡಿ ಹಾಯಲೇ ಇಲ್ಲ. ಶಾಲಿಯಿಂದ ಬಂದ್ರ ಮಲಗ್ತಿದ್ರು."

ಮಾನಪ್ಪನ ಮುಖ ಅರಳಿತು. ವಕೀಲರು, "ಹಂಗಾರ ಯಂತ್ರ ಹಂಗ ಬಿದ್ದಿತ್ತೇನವ್ವ?" ಎಂದರು.

"ಇಲ್ರಿ. ಹಲ್ಲು ಜರಡಿಗೆ ಭಾಳ ಹತ್ರ ಇದ್ದು ಕಾಳು ಒಡೀತಿದ್ವು. ಶ್ರಾವಣದಾಗ ನಾನ ಮ್ಯಾಲ ಎತ್ತಿಸಿದೆ. ದಸರಾಕ್ಕ ಜರಡಿ ಬದಲಿ ಮಾಡಿಸಿದೆ. ಅವಾಗಿಂದ ಓಣಿ ಹೆಣ್ಮಕ್ಕಳು ದಿನಾ ಬಂದು ಸುಲಕೊಂಡು ಹೋಗ್ತಾರ." ರೊಟ್ಟಿಯ ಚೀಲದಿಂದ ಗಂಟೊಂದನ್ನು ತೆಗೆದು ಬಿಚ್ಚಿದಳು. ಸವೆದ ಮರದ ಹಲ್ಲುಗಳು, ಎರಡು ಹಿಡಿಯಷ್ಟು.

ಹಿತ್ತಲಿನಿಂದ ದಿನವೂ ಬರುತ್ತಿದ್ದ ಕಟಕಟ ಸದ್ದನ್ನು ನಾನು ನೆರೆಮನೆಯದೆಂದು ಬೈದು ಮಗ್ಗುಲು ಬದಲಿಸುತ್ತಿದ್ದೆ.

ಮಾನಪ್ಪ ಒಂದು ಹಲ್ಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. ಅದನ್ನು ಅಲ್ಲಗಳೆದಿದ್ದರೆ ಯಂತ್ರ ಅವನದಾಗುತ್ತಿತ್ತು. "ಇದು ಒಂದೆರಡು ದಿನದಾಗ ಸವದದ್ದಲ್ರಿ, ಸಾಹೇಬ್ರ," ಎಂದ ಮೆಲ್ಲಗೆ. "ಅಕ್ಕಾರು ನನಗಿಂತ ಮೊದಲ ಮಾಡ್ಯಾರ."

ವಕೀಲರು ನೀಲಮ್ಮನ ಹೆಸರಲ್ಲಿ ಅರ್ಜಿ ಹೋಗಲಿ ಎಂದರು. ಯಂತ್ರ ಕಟ್ಟಿಕೊಡುವ ಕೆಲಸವನ್ನು ನೀಲಮ್ಮ ಅಲ್ಲೇ ಮಾನಪ್ಪನಿಗೆ ಒಪ್ಪಿಸಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಕ್ಷರ ಚೆಂದವಿದೆಯೆಂದು ಅರ್ಜಿ ಬರೆಯಲು ಕೂರಿಸಿದರು, ಅಷ್ಟೆ.

ಹಾಗೆಂದು ಆ ಅರ್ಜಿಯಲ್ಲಿ ನನ್ನ ಹೆಸರಿಲ್ಲವೆಂದು ತಿಳಿಯಬೇಡಿ. ಇದೆ, ದಪ್ಪ ಅಕ್ಷರದಲ್ಲಿ ನಾನೇ ಬರೆದಿದ್ದೇನೆ, ಗಂಡನ ಹೆಸರು ಎಂದು ಕೇಳಿದ ಜಾಗದಲ್ಲಿ.