ಎಂಬತ್ತೊಂದು ಎಚ್ಚರಿಕೆಗಳು

ಮನೆಯಲ್ಲಿ ಕದ್ದ ಮಾಲಿದ್ದರೆ ಅಂಕಣಕಾರರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಕಂಡ ಕಳ್ಳರನ್ನೆಲ್ಲ ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಝಾಡಿಸುವ ತಮ್ಮ ಮನೆಯಲ್ಲೇ, ಹೆಂಡತಿಯ ಹೊಲಿಗೆ ಕೋಣೆಯ ಕಂಪ್ಯೂಟರಿನಲ್ಲೇ, ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಕಳ್ಳ ತಂತ್ರಾಂಶ! ಬಟ್ಟೆ ಕತ್ತರಿಸಲು ಪ್ಯಾಟರ್ನ್ ಬರೆದುಕೊಡುವ ತಂತ್ರಾಂಶ ಅದು. ಗೊತ್ತಾಗಿದ್ದೇ ತಡ, ಅಂಕಣಕಾರರು ಬೆಳಿಗ್ಗೆಯೇ ಕಂಪ್ಯೂಟರನ್ನು ಬುಡಸಮೇತ ಒರೆಸಿ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಪಟ್ಟಕ್ಕೇರಿಸಿದರು. (ಹೆಂಡತಿಯನ್ನು ಕೇಳಿದರೇ? ಧರ್ಮಯುದ್ಧಕ್ಕೆ ಹೊರಟವರು ಯಾರಾದರೂ ರಜಾ ಚೀಟಿ ಬರೆಯುತ್ತಾರೆಯೇ!)

"ರೀ, ಸಂಜೆ ಐದಕ್ಕೆ ನಾಟಕದವರು ಬರ್ತಾರೆ. ಹದಿಮೂರು ವೇಷಕ್ಕೆ ಪ್ಯಾಟರ್ನ್ ತೋರಿಸ್ಬೇಕು. ಝಿಪ್ ಬದಲಿಸೋದು, ಪ್ಯಾಂಟಿನ ಕಾಲು ಗಿಡ್ಡ ಮಾಡೋದು ಬಿಟ್ರೆ ನಂಗೆ ಸಿಕ್ಕಿರೋ ಮೊದಲನೇ ದೊಡ್ಡ ಕೆಲಸ ಕಣ್ರೀ ಇದು! ತೋರಿಸ್ದಿದ್ರೆ ಬೇರೆ ಟೈಲರ್ ಹತ್ರ ಹೋಗ್ತಾರೆ."

"ಅದಕ್ಕೇ ಅಲ್ವೇನೇ ಸ್ವತಂತ್ರ ತಂತ್ರಾಂಶ ಇರೋದು? ಧರ್ಮಕ್ಕೇ ಕೊಡ್ತಾರೆ, ಧರ್ಮವಾಗೇ ಕೊಡ್ತಾರೆ!"

ಕೊಟ್ಟರು, ನಿಜ. ಆದರೆ ಸಿದ್ಧ ಉಡುಪಿನ ಹಾಗೆ ಬರಲಿಲ್ಲ. ಸೋರ್ಸ್ ಕೋಡ್ ಎಂಬ ಕಚ್ಚಾ ಮಾಲಿನ ಗಂಟಾಗಿ ಬಂತು. "ಓ, ಥಾನು ಕಳಿಸಿದ್ದಾರೆ. ನಾವೇ ಹೊಲ್ಕೋಬೇಕು" ಎಂದು ಹೆಂಡತಿ ಒಂದೇ ಮಾತಿನಲ್ಲಿ ಅರ್ಥಮಾಡಿಕೊಂಡಳು. ಪುಟದಲ್ಲಿ ಬರೆದಿದ್ದುದೂ ಮೂರೇ ಹೆಜ್ಜೆ: ಗಂಟು ಬಿಚ್ಚಿ 'ಕಾನ್ಫಿಗರ್' (ಅಳತೆ), ಆಮೇಲೆ 'ಮೇಕ್' (ಹೊಲಿಗೆ), ಕೊನೆಗೆ 'ಮೇಕ್ ಇನ್‌ಸ್ಟಾಲ್' (ತೊಡಿಸುವುದು).

ಮೊದಲ ಹೆಜ್ಜೆಗೇ ಯಾವುದೋ 'ಲೈಬ್ರರಿ', ಅಂದರೆ ಜೊತೆಗಿರಬೇಕಾದ ಸಹಾಯಕ ತಂತ್ರಾಂಶ, ಇಲ್ಲವೆಂದು ತಕರಾರು. ಅದನ್ನು ತರಿಸಿದರೆ ಇನ್ನೊಂದು. ಮುನಿಸಿಕೊಂಡ ನೆಂಟರನ್ನು ಒಬ್ಬೊಬ್ಬರನ್ನಾಗಿ ಕರೆತಂದು ಕೂರಿಸಿದಂತೆ ಎಲ್ಲವನ್ನೂ ಕೂರಿಸುವಷ್ಟರಲ್ಲಿ ಗಂಟೆ ಎರಡು.

'ಮೇಕ್' ಒತ್ತಿದರು. ಪರದೆಯ ಮೇಲೆ ಸಾಲುಗಳು ಸರಸರ ಇಳಿದವು. ಅಂಕಣಕಾರರ ಎದೆ ಉಬ್ಬಿತು. ಮರುಕ್ಷಣವೇ 'ವಾರ್ನಿಂಗ್' ಎಂಬ ಪದ ಕಂಡು ಗಾಳಿ ಬಿಟ್ಟಿತು. ತಟ್ಟನೆ ಕೆಲಸ ನಿಲ್ಲಿಸಿದರು.

"ಏನಾಯ್ತ್ರೀ?"

"ಎಚ್ಚರಿಕೆ ಕೊಡ್ತಿದೆ ಕಣೇ! ಇಲ್ಲೊಂದು ಹೆಸರು ಸುಮ್ನೆ ಕೂತಿದೆಯಂತೆ, ಯಾವ ಕೆಲಸಾನೂ ಮಾಡ್ತಿಲ್ವಂತೆ."

"ಕೂತಿರ್ಲಿ ಬಿಡಿ. ನಿಮ್ಮ ಆಫೀಸಲ್ಲಿ ಎಷ್ಟು ಜನ ಕೂತಿಲ್ಲ?"

"ಈ ಉಡಾಫೆಯಿಂದಲೇ ಲೋಕ ಹಾಳಾಗಿರೋದು!"

ಫೈಲು ತೆರೆದು ಆ ಸೋಮಾರಿ ಹೆಸರನ್ನು ಅಳಿಸಿಯೇ ಬಿಟ್ಟರು. ಮತ್ತೆ 'ಮೇಕ್'. ಮತ್ತೆ ವಾರ್ನಿಂಗ್. ಮತ್ತೆ ಫೈಲು, ಮತ್ತೆ ಶುದ್ಧೀಕರಣ. (ಪ್ರೋಗ್ರಾಮಿಂಗ್ ಬರುತ್ತಿತ್ತೇ ಎಂದು ಕೇಳಬೇಡಿ. ಗೊತ್ತಿಲ್ಲದ್ದನ್ನು ತಿದ್ದುವುದೇ ಅವರ ಕಸುಬು.) ಮೂವತ್ತೇಳು ಸುಧಾರಣೆಗಳಾದ ಮೇಲೆ, ನಾಲ್ಕು ಗಂಟೆಗೆ ಸರಿಯಾಗಿ, ಪರದೆಯ ತುಂಬ ಕೆಂಪು ಅಕ್ಷರದ ಹೊಸ ಪದ: ಎರರ್! ಸುಮ್ಮನೆ ಕೂತಿದ್ದಾರೆಂದು ಇವರು ಅಟ್ಟಿದವರನ್ನೆಲ್ಲ ಬೇರೆ ಬೇರೆ ಫೈಲುಗಳು ಹೆಸರು ಹಿಡಿದು ಕೂಗುತ್ತಿದ್ದವು. ಯಂತ್ರ ಕೈಚೆಲ್ಲಿ ಕೂತಿತು.

"ಬರೆದವರೇ ಅಯೋಗ್ಯರು!" ಅಂಕಣಕಾರರು ಮೇಜು ಗುದ್ದಿದರು.

"ಏಳಿ ಮೇಲೆ." ಹೆಂಡತಿ ಕುರ್ಚಿ ಎಳೆದುಕೊಂಡಳು. "ಬಂದ ಗಂಟು ಹಾಗೇ ಇದೆ ತಾನೇ? ನೀವು ಕತ್ತರಿಸಿ ಕೆಡಿಸಿದ್ದು ಕೆಟ್ಟೋಯ್ತು. ಥಾನಿಂದ ಹೊಸ ತುಂಡು ತಗೊಳ್ಳೋಣ."

ಬೇರೆ ಫೋಲ್ಡರಿನಲ್ಲಿ ಗಂಟು ಬಿಚ್ಚಿ, ಪುಟ ನೋಡಿಕೊಂಡು, ಒಂದೊಂದೇ ಅಕ್ಷರ ಒತ್ತಿದಳು. 'ಮೇಕ್' ಓಡತೊಡಗಿದೊಡನೆ ಸೂಜಿಗೆ ದಾರ ಪೋಣಿಸುತ್ತ ಕೂತಳು. ಅಂಕಣಕಾರರು ಬೆನ್ನ ಹಿಂದೆ ನಿಂತು ಎಣಿಸಿದರು.

"ಎಪ್ಪತ್ತೊಂಬತ್ತು... ಎಂಬತ್ತು... ಎಂಬತ್ತೊಂದು ಎಚ್ಚರಿಕೆ! ನಿಲ್ಸೇ, ನಿಲ್ಸು!"

"ರೀ, ಎಚ್ಚರಿಕೆ ಅಂದ್ರೆ ನಿಲ್ಲು ಅಂತಲ್ಲ. ಮದುವೆ ಆದಾಗಿಂದ ನೀವು ದಿನಾ ಕೊಡ್ತಿದ್ದೀರ. ನಾನು ನಿಂತಿದ್ದೀನಾ? ಸಂಸಾರ ನಡೀತಿಲ್ವಾ?"

ಅಂಕಣಕಾರರು ಎಂಬತ್ತೆರಡನೆಯದಕ್ಕಾಗಿ ಪರದೆಗೆ ಬಗ್ಗಿದರು. ಅದು ಬರಲಿಲ್ಲ.

ತಂತ್ರಾಂಶ ಮಾತ್ರ ಬಂತು. ಹೆಂಡತಿ ಬರೆದಿಟ್ಟಿದ್ದ ಅಳತೆಗಳನ್ನು ತುಂಬಿದಳು. ನಾಲ್ಕೂವರೆಗೆ ಪ್ರಿಂಟರಿನ ಹೊಟ್ಟೆಯಿಂದ ಮಹಾರಾಜನ ನಿಲುವಂಗಿ ಹಾಳೆ ಹಾಳೆಯಾಗಿ ಹೊರಬಿತ್ತು, ಆಮೇಲೆ ರಾಣಿಯದು, ಆಮೇಲೆ ಇಡೀ ಸೈನ್ಯದ್ದು. ಹೆಂಡತಿ ನೆಲದ ತುಂಬ ಹಾಳೆ ಹರಡಿ, ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿ, ಗಂಡನ ಕೈಗೆ ಕತ್ತರಿ ತುರುಕಿದಳು.

"ಬಾಗಿಲು ತಟ್ಟೋದ್ರೊಳಗೆ ಮುಗೀಬೇಕು. ಗೆರೆ ಮೇಲೇ ಕತ್ತರಿಸಿ. ಸೊಟ್ಟಗಿದೆ ಅಂತ ನೆಟ್ಟಗೆ ಮಾಡೋಕೆ ಮಾತ್ರ ಹೋಗ್ಬೇಡಿ."

"ಇದೇನು, ವಾರ್ನಿಂಗೇನೇ?"

"ಅಲ್ಲ. ಎರರ್."

ಅಂಕಣಕಾರರು ನೆಲದ ಮೇಲೆ ಮಂಡಿಯೂರಿ, ಉಸಿರು ಬಿಗಿಹಿಡಿದು, ಮಹಾರಾಜನ ಸೊಟ್ಟ ಕಂಕುಳನ್ನು ಸೊಟ್ಟಗೇ ಕತ್ತರಿಸತೊಡಗಿದರು.